ಮಳೆ ಬಿಟ್ಟ ಕೂಡಲೇ ನಿಲ್ಲುತ್ತಿದ್ದ ನನ್ನ ಪೈಥಾನ್ ಪ್ರೋಗ್ರಾಂ

ಸೋಮವಾರಪೇಟೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟು (ಇಂಚಿನ ನೂರರಲ್ಲಿ ಒಂದು ಭಾಗ) ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಜೊತೆಗಿರಲಿ ಅಂತ ನಾನೊಂದು ಎಲೆಕ್ಟ್ರಾನಿಕ್ ಮಳೆಮಾಪಕ ಹಾಕಿದ್ದೆ. 0.2 ಮಿಲಿಮೀಟರ್ ಮಳೆ ಬಿದ್ದಾಗಲೆಲ್ಲ ಅದು ಸಮಯ ಮತ್ತು ಅಳತೆ ಇರುವ ಒಂದು ಸಾಲು ಕಳಿಸುತ್ತದೆ. ಮನೆಯ ಕಂಪ್ಯೂಟರ್ ಅದನ್ನು ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ತುದಿ) ಮೂಲಕ ಓದಿಕೊಳ್ಳುತ್ತದೆ.

ಓದುವ ಪ್ರೋಗ್ರಾಂ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 2.7 ಆವೃತ್ತಿಯಲ್ಲಿ ವರ್ಷಗಟ್ಟಲೆ ಓಡಿತು. ಸಾಕೆಟ್‌ಗೆ 60 ಸೆಕೆಂಡ್ ಟೈಮ್‌ಔಟ್ (ಅಷ್ಟು ಹೊತ್ತು ಏನೂ ಬರದಿದ್ದರೆ ಕಾಯುವುದನ್ನು ಬಿಡುವುದು), ಅದರ ಮೇಲೆ ಮೇಕ್‌ಫೈಲ್ (ಸಾಕೆಟ್ಟನ್ನು ಫೈಲ್‌ನಂತೆ ಓದಲು ಕೊಡುವ ಆದೇಶ), ಆಮೇಲೆ ಒಂದೊಂದೇ ಸಾಲು ಓದುವ ರೀಡ್‌ಲೈನ್. ಟೈಮ್‌ಔಟ್ ಆದರೆ ಮತ್ತೆ ರೀಡ್‌ಲೈನ್, ಅಷ್ಟೇ. 2020ರ ಜನವರಿ 1ಕ್ಕೆ 2.7ರ ಬೆಂಬಲ ನಿಂತ ಮೇಲೂ ಹಾಗೇ ಬಿಟ್ಟಿದ್ದೆ, ಹಳೆ ಕಂಪ್ಯೂಟರ್ ಕೆಟ್ಟಾಗ ಪೈಥಾನ್ 3ಕ್ಕೆ ಬರಲೇಬೇಕಾಯಿತು.

ಪೈಥಾನ್ 3ರಲ್ಲಿ ಬೈಟ್ಸ್ (ಕಚ್ಚಾ ದತ್ತಾಂಶ) ಬೇರೆ, ಸ್ಟ್ರಿಂಗ್ (ಅಕ್ಷರಗಳ ಪಠ್ಯ) ಬೇರೆ ಅನ್ನುವುದು ಅರ್ಧ ಗಂಟೆಯಲ್ಲಿ ಸರಿಹೋಯಿತು. ಆದರೆ ಜುಲೈನ ಜಡಿಮಳೆಯಲ್ಲಿ ಇಡೀ ದಿನ ಚೆನ್ನಾಗಿ ಓಡಿದ ಪ್ರೋಗ್ರಾಂ ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಸಾಯುತ್ತಿತ್ತು. ವೈಫೈ ಇರಬೇಕು, ಕರೆಂಟ್ ಇರಬೇಕು ಅಂತ ಎರಡು ದಿನ ಹುಡುಕಿದೆ. ಕೊನೆಗೆ ಎರರ್ ಸಾಲನ್ನೇ ಸರಿಯಾಗಿ ಓದಿದೆ: ‘ಕೆನಾಟ್ ರೀಡ್ ಫ್ರಮ್ ಟೈಮ್ಡ್ ಔಟ್ ಆಬ್ಜೆಕ್ಟ್’. ಪೈಥಾನ್ 3ರಲ್ಲಿ ಮೇಕ್‌ಫೈಲ್ ಕೊಡುವ ಫೈಲ್ ಒಮ್ಮೆ ಟೈಮ್‌ಔಟ್ ಕಂಡರೆ ಅದನ್ನು ನೆನಪಿಟ್ಟುಕೊಂಡು, ಆಮೇಲೆ ಸಾಕೆಟ್‌ನಿಂದ ಓದುವುದೇ ಇಲ್ಲ. ಸಾಕೆಟ್ ಮಾತ್ರ ಜೀವಂತವಾಗಿಯೇ ಇರುತ್ತದೆ.

ಮೊದಲು ಸಿಟ್ಟು ಬಂತು. ಹಳೆಯದೇ ಚೆನ್ನಾಗಿತ್ತು ಅಲ್ವಾ ಅಂತ 2.7ರ ಸಾಕೆಟ್ ಕೋಡ್ ತೆರೆದು ನೋಡಿದೆ. ಅಲ್ಲಿ ರೀಡ್‌ಲೈನ್ ನಡುವೆ ಟೈಮ್‌ಔಟ್ ಆದರೆ ಅಷ್ಟರಲ್ಲಿ ಬಂದಿದ್ದ ಅರ್ಧ ಸಾಲು ಸುಮ್ನೆ ಕಳೆದುಹೋಗುತ್ತಿತ್ತು, ಎರರ್ ಕೂಡ ಟೈಮ್‌ಔಟ್ ಅಂತ ಮಾತ್ರ. ನಮ್ಮ ಮಾಪಕ ಸಮಯವನ್ನು ಒಮ್ಮೆ, ಅಳತೆಯನ್ನು ಇನ್ನೊಮ್ಮೆ ಕಳಿಸುತ್ತದೆ, ನಡುವೆ ವೈಫೈ ಹೋದರೆ ಮುಗಿಯಿತು. ಹಳೆ ಫೈಲ್‌ಗಳಲ್ಲಿ ಹುಡುಕಿದಾಗ ಸಮಯವೇ ಇಲ್ಲದೆ ಬರೀ ಅಳತೆ ಇದ್ದ ಸಾಲುಗಳು ಸಿಕ್ಕವು. ಮಾಪಕದ ದೋಷ ಅಂದುಕೊಂಡು ಅವನ್ನು ಲೆಕ್ಕದಿಂದ ಬಿಟ್ಟಿದ್ದೆ. ತುಂಬಾ ಬೇಜಾರಾಯಿತು.

ಟೈಮ್‌ಔಟ್ ಆದಾಗಲೆಲ್ಲ ಹೊಸ ಮೇಕ್‌ಫೈಲ್ ಮಾಡಿದರೂ ಪ್ರೋಗ್ರಾಂ ಓಡುತ್ತದೆ, ಆದರೆ ಹಳೆಯದರ ಬಫರ್‌ನಲ್ಲಿ (ಬಂದದ್ದನ್ನು ತಾತ್ಕಾಲಿಕವಾಗಿ ಇಡುವ ಜಾಗ) ಇದ್ದ ಬೈಟ್‌ಗಳು ಅದರ ಜೊತೆಗೇ ಹೋಗುತ್ತವೆ. ಹಾಗಾಗಿ ಮೇಕ್‌ಫೈಲ್ ಬಿಟ್ಟೆ. ಸಾಕೆಟ್‌ನಿಂದ ನೇರವಾಗಿ ಬೈಟ್ಸ್ ತೆಗೆದುಕೊಂಡು ನನ್ನದೇ ಬಫರ್‌ಗೆ ಸೇರಿಸುತ್ತೇನೆ, ಸಾಲು ಮುಗಿದ ಗುರುತು ಬಂದರೆ ಮಾತ್ರ ಕತ್ತರಿಸಿ ಸ್ಟ್ರಿಂಗ್ ಮಾಡುತ್ತೇನೆ. ಟೈಮ್‌ಔಟ್ ಆದರೆ ಬಫರ್ ಮುಟ್ಟುವುದಿಲ್ಲ. ಖಾಲಿ ಬೈಟ್ಸ್ ಬಂದರೆ ಆ ಕಡೆಯವರು ಮುಚ್ಚಿದ್ದಾರೆ ಅಂತ ಅರ್ಥ, ಹೊಸದಾಗಿ ಕನೆಕ್ಟ್ ಮಾಡಬೇಕು. ಹತ್ತು ಹದಿನೈದು ಸಾಲಿನ ಕೋಡ್. ಪರೀಕ್ಷೆಗೆ ಅಂತ ಸಮಯ ಕಳಿಸಿ, 70 ಸೆಕೆಂಡ್ ಸುಮ್ಮನಿದ್ದು, ಆಮೇಲೆ ಅಳತೆ ಕಳಿಸುವ ಪುಟ್ಟ ಪ್ರೋಗ್ರಾಂ ಬರೆದೆ. ಸಾಲು ಇಡಿಯಾಗಿ ಬಂತು.

ಈಗ ಆ ತುಂಡು ಸಾಲುಗಳ ದಿನಗಳನ್ನು ಅಪ್ಪನ ಪುಸ್ತಕದ ಜೊತೆ ಹೋಲಿಸಿ, 25.4 ಮಿಲಿಮೀಟರ್‌ಗೆ ಒಂದು ಇಂಚಿನಂತೆ ಲೆಕ್ಕ ಹಾಕಿ ಒಂದೊಂದಾಗಿ ತಿದ್ದುತ್ತಿದ್ದೇನೆ. ಇನ್ನೂ ಎರಡು ಮಳೆಗಾಲ ಬಾಕಿ ಇದೆ.