ಕೋವಿ ಇಲ್ಲದ ಯೂನಿಫಾರ್ಮು: ಇಂಗ್ಲೆಂಡಿನಲ್ಲಿ ಪ್ರಿಸನ್ ಆಫೀಸರ್ ಆಗಬೇಕೆನ್ನುವ ಕೊಡಗಿನವರಿಗೆ

ಕೊಡಗಿನವರಿಗೆ ಯೂನಿಫಾರ್ಮಿನ ಕೆಲಸ ಹೊಸತಲ್ಲ. ಯಾವ ಊರಿಗೆ ಹೋದರೂ ಒಬ್ಬರಾದರೂ ಮಾಜಿ ಸೈನಿಕರು ಸಿಗುತ್ತಾರೆ. ಹಾಗಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರು ಅಲ್ಲಿನ ಜೈಲು ಕೆಲಸದ ಜಾಹೀರಾತು ನೋಡಿ 'ಇದು ನಮಗೆ ಆಗಿಬರುವ ಕೆಲಸ' ಅಂದುಕೊಳ್ಳುವುದು ಸಹಜ. ಆಗಿಬರಬಹುದು, ಆದರೆ ಕಾರಣ ಬೇರೆ.

ಅಲ್ಲಿ ಲ್ಯಾಂಡಿಂಗಿನಲ್ಲಿ, ಅಂದರೆ ಕೈದಿಗಳ ಕೋಣೆಗಳ ಮುಂದಿನ ಮೊಗಸಾಲೆಯಲ್ಲಿ, ನಿಲ್ಲುವ ಆಫೀಸರ್ ಹತ್ತಿರ ಕೋವಿ ಇರುವುದಿಲ್ಲ. ಸೊಂಟದಲ್ಲಿ ಲಾಠಿ, ರೇಡಿಯೊ, ಎದೆಯ ಮೇಲೆ ಕ್ಯಾಮೆರಾ, ಮತ್ತೆ ಬೆಲ್ಟಿಗೆ ಚೈನ್ ಹಾಕಿ ಕಟ್ಟಿದ ಬೀಗದ ಕೈ. ಆ ಬೀಗದ ಕೈಯನ್ನು ಗೇಟಿನಲ್ಲಿ ಪಡೆದು, ಮನೆಗೆ ಹೊರಡುವ ಮುಂಚೆ ಅಲ್ಲೇ ಒಪ್ಪಿಸಬೇಕು. ಕಳೆದುಹೋದರೆ ಇಡೀ ಜೈಲಿನ ಬೀಗಗಳನ್ನೇ ಬದಲಿಸಬೇಕಾಗಬಹುದು. ಉಳಿದದ್ದೆಲ್ಲ ಮಾತಿನಲ್ಲೇ ನಡೆಯಬೇಕು. ಗಂಡಸರ ಜೈಲುಗಳಲ್ಲಿ ಒಬ್ಬೊಬ್ಬ ಆಫೀಸರ್‌ಗೆ ಕೆಲವು ಕೈದಿಗಳನ್ನು ವಹಿಸುತ್ತಾರೆ. ವಾರಕ್ಕೆ ಸುಮಾರು 45 ನಿಮಿಷ ಒಬ್ಬೊಬ್ಬರ ಜೊತೆ ಕೂತು ಮಾತಾಡಬೇಕು ಅನ್ನುವುದು ಲೆಕ್ಕ. ಸಿಬ್ಬಂದಿ ಕಮ್ಮಿ ಇದ್ದಾಗ ಮೊದಲು ತಪ್ಪಿಹೋಗುವುದೂ ಅದೇ.

ಡಿಗ್ರಿ ಬೇಡ, 18 ವರ್ಷ ಆಗಿದ್ದರೆ ಸಾಕು. ನಮ್ಮಲ್ಲಿ ವಾರ್ಡರ್ ನೇಮಕಾತಿ ಅಂದರೆ ಎಸ್ಸೆಸ್ಸೆಲ್ಸಿ ಅಂಕ, ಎತ್ತರ, ಓಟ ಅಂತ ನೆನಪಾಗುತ್ತದೆ. ಅಲ್ಲಿ ಅಳೆಯುವುದು ಹೆಚ್ಚಾಗಿ ಸ್ವಭಾವವನ್ನು. ಆನ್‌ಲೈನ್ ಪರೀಕ್ಷೆಯಲ್ಲಿ 'ಹೀಗಾದರೆ ಏನು ಮಾಡ್ತೀರಿ' ಅಂತ ಕೇಳುತ್ತಾರೆ. ಆಮೇಲೆ ರೋಲ್ ಪ್ಲೇ: ಎದುರಿಗಿರುವವನು ರೇಗುತ್ತಾನೆ, ನೀವು ರೇಗಬಾರದು. ಜೋರು ಮಾಡಿ ಬಾಯಿ ಮುಚ್ಚಿಸುವುದೇ ಶಿಸ್ತು ಅಂದುಕೊಂಡವರು ಇಲ್ಲಿ ಎಡವುತ್ತಾರೆ. ದೈಹಿಕ ಪರೀಕ್ಷೆಯೂ ಇದೆ. ಬ್ಲೀಪ್ ಟೆಸ್ಟ್‌ನಲ್ಲಿ, ಅಂದರೆ ಬೀಪ್ ಸದ್ದಿಗೆ ಸರಿಯಾಗಿ ಎರಡು ಗೆರೆಗಳ ನಡುವೆ ಹೋಗಿ ಬಂದು ಓಡುವ ಪರೀಕ್ಷೆಯಲ್ಲಿ, 5.4 ಹಂತ ಮುಟ್ಟಬೇಕು. ಮಡಿಕೇರಿಯ ಏರು ಹತ್ತಿದವರಿಗೆ ದೊಡ್ಡದಲ್ಲ, ಆದರೆ ಥಟ್ಟನೆ ತಿರುಗಿ ಓಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇದ್ದರೂ ಅರ್ಜಿ ಹಾಕಬಹುದು, ಯಾಕೆಂದರೆ ಕಾಮನ್‌ವೆಲ್ತ್ ದೇಶದವರಿಗೆ ಅವಕಾಶ ಇದೆ. ಆದರೆ ಅಲ್ಲಿ ಕೆಲಸ ಮಾಡುವ ಹಕ್ಕು ಮೊದಲೇ ಇರಬೇಕು. ಹಿನ್ನೆಲೆ ತಪಾಸಣೆಗೆ ಸಾಮಾನ್ಯವಾಗಿ ಕಳೆದ 3 ವರ್ಷ ಅಲ್ಲೇ ವಾಸ ಇದ್ದಿರಬೇಕು. ಊರಿನ ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಮನೆಯವರಿಗೆ ಮುಂಚೆಯೇ ಹೇಳಿಡಿ. ಠಾಣೆಯವರು ವಿಚಾರಿಸಲು ಬಂದಾಗ ಎಲ್ಲರೂ ಕಾಫಿ ಕೊಯ್ಲಿಗೆ ಹೋಗಿದ್ದರೆ ಸುಮ್ನೆ ತಡ ಆಗುತ್ತೆ, ಅಲ್ವಾ?

ಇನ್ನು ಊರಲ್ಲೇ ಇದ್ದು 'ಜೈಲು ಕೆಲಸದ ವೀಸಾ ಕೊಡಿಸ್ತೀನಿ' ಅನ್ನುವ ಏಜೆಂಟರ ಮಾತು ಕೇಳುತ್ತಿರುವವರಿಗೆ: ದುಡ್ಡು ಕೊಡಬೇಡಿ. 2025ರ ಜುಲೈನಿಂದ ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡಿಗೆ ಏರಿದೆ, ಕೆಲಸಕ್ಕೆ ಬೇಕಾದ ಓದಿನ ಮಟ್ಟದ ನಿಯಮವೂ ಬಿಗಿಯಾಗಿದೆ. ಹಾಗಾಗಿ ಡಿಗ್ರಿ ಬೇಡದ ಈ ಕೆಲಸಕ್ಕೆ ಊರಿನಿಂದಲೇ ವೀಸಾ ಸಿಗುವುದು ಕಷ್ಟ.

ಆಯ್ಕೆಯಾದರೆ ಮೊದಲ ಕೆಲವು ವಾರ ತರಬೇತಿ, ಅದಕ್ಕೂ ಸಂಬಳ ಉಂಟು. ಕಾನೂನು, ಕೈದಿಗಳ ಮೈ ಮತ್ತು ಕೋಣೆಯ ತಪಾಸಣೆ, ಹಿಡಿತದ ಪಟ್ಟುಗಳು, ಪ್ರಾಣ ಕಳೆದುಕೊಳ್ಳಲು ಹೊರಟವರನ್ನು ಗುರುತಿಸುವುದು, ಎಲ್ಲ ಕಲಿಸುತ್ತಾರೆ. ಕೈದಿಗಳು ಸಣ್ಣ ಸಣ್ಣ ಉಪಕಾರ ಕೇಳುತ್ತಾ ನಿಧಾನವಾಗಿ ಬಲೆಗೆ ಹಾಕಿಕೊಳ್ಳುವ ರೀತಿಯ ಬಗ್ಗೆ ಹೇಳುವಾಗ ಕಿವಿಗೊಟ್ಟು ಕೇಳಿ. ಹೊಸಬರು ಕೆಲಸ ಕಳೆದುಕೊಳ್ಳುವುದು ಹೊಡೆದಾಟಕ್ಕಿಂತ ಇದರಲ್ಲೇ ಜಾಸ್ತಿ ಅನ್ನುವುದು ನನ್ನ ಅಂದಾಜು. ಆಮೇಲೆ ಕೆಲಸ ಮಾಡುತ್ತಲೇ ಅಪ್ರೆಂಟಿಸ್‌ಶಿಪ್.

ಮೇಲಕ್ಕೆ ಹೋಗುವ ದಾರಿ ಹೀಗೆ (ಬ್ಯಾಂಡ್ ಅಂದರೆ ಸಂಬಳದ ದರ್ಜೆ): ಆಫೀಸರ್ ಬ್ಯಾಂಡ್ 3, ಸೂಪರ್‌ವೈಸಿಂಗ್ ಆಫೀಸರ್ ಬ್ಯಾಂಡ್ 4, ಕಸ್ಟೋಡಿಯಲ್ ಮ್ಯಾನೇಜರ್ ಬ್ಯಾಂಡ್ 5. ಅದರಾಚೆ ಗವರ್ನರ್, ಅಂದರೆ ಜೈಲು ನಡೆಸುವ ಅಧಿಕಾರಿಗಳ, ದರ್ಜೆಗಳು. ನಾಯಿ ದಳ, ವ್ಯಾಯಾಮ ತರಬೇತಿಯಂಥ ಪಕ್ಕದ ದಾರಿಗಳೂ ಇವೆ. ಯೂನಿಯನ್ ಇದೆ, ಮುಷ್ಕರ ಮಾಡುವ ಹಾಗಿಲ್ಲ. ಖಾಸಗಿ ಕಂಪನಿಗಳು ನಡೆಸುವ ಜೈಲುಗಳಲ್ಲಿ ಹುದ್ದೆಯ ಹೆಸರು, ಸಂಬಳ ಎರಡೂ ಬೇರೆ. ಸ್ಕಾಟ್ಲೆಂಡಿನದು ಪ್ರತ್ಯೇಕ ಇಲಾಖೆ, ಅಲ್ಲಿಗೆ ಬೇರೆಯೇ ಅರ್ಜಿ ಹಾಕಬೇಕು.