ಸ್ಟೇಕ್ ಕೆಂಪಗಾಗದೆ ಬೂದುಬಣ್ಣಕ್ಕೆ ತಿರುಗುತ್ತಿದ್ದುದಕ್ಕೆ ಕಂಡುಕೊಂಡ ಪರಿಹಾರ

ಮನೆಯ ಇದ್ದಿಲು ಗ್ರಿಲ್‌ನಲ್ಲಿ ಬೇಯಿಸುತ್ತಿದ್ದ ದನದ ಮಾಂಸದ ಸ್ಟೇಕ್ ಒಳಗೆ ಅತಿಯಾಗಿ ಬೆಂದರೂ ಹೊರಗೆ ಬೂದುಬಣ್ಣದಲ್ಲೇ ಉಳಿಯುತ್ತಿದ್ದುದಕ್ಕೆ ಕಾರಣ ಮೇಲ್ಮೈಯ ತೇವವೆಂದು ಈಗ ಖಚಿತವಾಗಿದೆ. ಅಲ್ಲಿನ ನೀರು ಆವಿಯಾಗಿ ಮುಗಿಯುವವರೆಗೆ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ಹುರಿದ ಪರಿಮಳ ಕೊಡುವ ಮೈಲಾರ್ಡ್ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಬೇಕು.

ಆದ್ದರಿಂದ ಮೂರು ಸೆಂಟಿಮೀಟರ್ ದಪ್ಪದ ರಿಬ್‌ಐ (ಪಕ್ಕೆಲುಬಿನ ಭಾಗದ ಮಾಂಸ) ತುಂಡುಗಳಿಗೆ ಹಿಂದಿನ ರಾತ್ರಿಯೇ ಉಪ್ಪು ಸವರಿ, ಜಾಲರಿಯ ಮೇಲೆ ಮುಚ್ಚದೆ ಫ್ರಿಜ್‌ನಲ್ಲಿಟ್ಟೆ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ, ಬಳಿಕ ಅದರಲ್ಲೇ ಕರಗಿ ಮಾಂಸದೊಳಕ್ಕೆ ಇಳಿಯುತ್ತದೆ. ಮರುದಿನ ಮುಟ್ಟಿದಾಗ ಬೆರಳಿಗೆ ಪಸೆ ಅಂಟಲೇ ಇಲ್ಲ. ಮೇಲ್ಮೈ ಕಡುಕೆಂಪಾಗಿ ಬಿಗಿದಿತ್ತು.

ಕೆಂಡವನ್ನು ಒಂದೇ ಬದಿಗೆ ಒಟ್ಟಿ, ಎಣ್ಣೆ ಸವರಿದ ತುಂಡುಗಳನ್ನು ಅದರ ಮೇಲೆ ಮಗುಚುತ್ತ ಕೆಂಪಗಾಗಿಸಿ, ಅನಂತರ ಕೆಂಡವಿಲ್ಲದ ಕಡೆಗೆ ಸರಿಸಿದೆ. ಅಮೆರಿಕದ ಕೃಷಿ ಇಲಾಖೆ ಸೂಚಿಸುವಂತೆ, ಥರ್ಮಾಮೀಟರ್ 63 ಡಿಗ್ರಿ ತೋರಿಸಿದ ಮೇಲೆಯೇ ಇಳಿಸಿ, ಕನಿಷ್ಠ ಮೂರು ನಿಮಿಷ ತಟ್ಟೆಯಲ್ಲಿ ಬಿಡಬೇಕು. ಈ ಉಪಕರಣವಿಲ್ಲದೆ ಬರೀ ಅಂದಾಜನ್ನು ನಂಬುವುದು ನನಗೆ ಸರಿಯೆನಿಸುವುದಿಲ್ಲ.

ಮಾಂಸ ಆರುವ ಹೊತ್ತಿಗೆ ಅದೇ ಕೆಂಡದಲ್ಲಿ ದೊಣ್ಣೆಮೆಣಸಿನಕಾಯಿ, ಜುಕಿನಿ (ಸೌತೆಕಾಯಿಯಂಥ ತರಕಾರಿ) ಬೇಯುತ್ತವೆ. ಅವನ್ನೂ ಬಟ್ಟೆಯಿಂದ ಒರೆಸಿ ಬೇಯಿಸಿ, ಗ್ರಿಲ್‌ನಿಂದ ಇಳಿಸಿದ ಮೇಲಷ್ಟೇ ಉಪ್ಪು ಹಾಕಬೇಕು. ಮೊದಲೇ ಹಾಕಿದರೆ ಜುಕಿನಿ ನೀರು ಬಿಟ್ಟು ಮೆತ್ತಗಾಗುತ್ತದೆ.