ಹೂಳಿಗಿಂತ ಮೊದಲು ಕಾಲುವೆ: ನಮ್ಮೂರ ಕುಂಟೆ ತುಂಬಿಸಿದ ಅನುಭವ

ಆನೇಕಲ್ ಕಡೆಯ ನಮ್ಮೂರ ಕುಂಟೆಯಲ್ಲಿ ಈಗ ಶಿವರಾತ್ರಿ ಕಳೆದರೂ ನೀರು ನಿಂತಿರುತ್ತದೆ. ಹೂಳೆತ್ತುವುದು ಬಿಟ್ಟು, ಕುಂಟೆಗೆ ಮಳೆನೀರು ತರುವ ಕಾಲುವೆಗೆ ದುಡ್ಡು ಸುರಿಯುತ್ತಾನೆ ಎಂದು ಆಡಿಕೊಂಡವರ ಬೋರಿಗೂ ಜೀವ ಬಂದಿದೆ. ಇದೇ ಕೆಲಸಕ್ಕೆ ಕೈಹಾಕಿರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಎಕರೆಗೆ 1 ಮಿ.ಮೀ. ಮಳೆ ಎಂದರೆ 4,000 ಲೀಟರ್ ನೀರು. ನಮ್ಮ ಕುಂಟೆಗೆ ಇಳಿಜಾರು ಇರುವುದು ಹೆಚ್ಚುಕಡಿಮೆ 50 ಎಕರೆಯಿಂದ. 40 ಮಿ.ಮೀ. ಬಿದ್ದ ದಿನ ನೂರಕ್ಕೆ ಹದಿನೈದು ಪಾಲು ಹರಿದು ಬಂದರೂ 12 ಲಕ್ಷ ಲೀಟರ್. ಅರ್ಧ ಎಕರೆ ಅಗಲ, ಆರಡಿ ಆಳದ ಕುಂಟೆ ಹಿಡಿಯುವುದು 30 ಲಕ್ಷದ ಆಸುಪಾಸು. ಹುಬ್ಬೆ, ಉತ್ತರೆಯಲ್ಲಿ ಮೂರು ಒಳ್ಳೆಯ ಮಳೆ ಬಂದರೆ ಕೋಡಿ ಬೀಳಲೇಬೇಕು. ಬೀಳುತ್ತಿರಲಿಲ್ಲ, ಏಕೆಂದರೆ ನೀರು ಕುಂಟೆಯವರೆಗೆ ಬರುತ್ತಲೇ ಇರಲಿಲ್ಲ. ಹಿಂದೆ ಹೂಳೆತ್ತಿದಾಗಲೆಲ್ಲ ತಳದ ಜೇಡಿಮಣ್ಣೂ ಕಿತ್ತುಹೋಗಿ, ಬಂದ ಅಷ್ಟಿಷ್ಟು ನೀರು ಹದಿನೈದು ದಿನಕ್ಕೇ ಇಂಗಿಹೋಗುತ್ತಿತ್ತು. ಲಕ್ಷಗಟ್ಟಲೆ ಖರ್ಚು, ದನಗಳಿಗೆ ಕುಡಿಯಲೂ ನೀರಿಲ್ಲ.

ಕಾಲುವೆ ಎಲ್ಲಿ ತೋಡಬೇಕೆಂದು ತಿಳಿಯಲು ಗ್ರಾಮನಕ್ಷೆ ನೋಡಿ, ಅದರಲ್ಲಿ ಸಾಮಾನ್ಯವಾಗಿ ಹಳ್ಳದ ಗೆರೆ ಇರುತ್ತದೆ. ಅದನ್ನು ಹಿಡಿದು ಸರ್ವೇಯರ್ ಕೈಲಿ ಕಲ್ಲು ನೆಡಿಸಿ, ಪಂಚಾಯಿತಿಯಲ್ಲಿ ನಿರ್ಣಯ ಬರೆಸಿಕೊಂಡ ಮೇಲೆಯೇ ಜೆಸಿಬಿ ಕರೆಸಿ. ಇಷ್ಟಕ್ಕೇ ವರ್ಷಗಳು ಹಿಡಿದವು, ಅಕ್ಕಪಕ್ಕದ ಹೊಲದವರು ಒಪ್ಪಬೇಕಲ್ಲ. ಅಗೆತಕ್ಕೆ ಬಿದ್ದದ್ದು ಕಡಿಮೆ: ತಳ ಮೂರಡಿ, ಮೇಲೆ ಆರಡಿ, ಆಳ ಎರಡೂವರೆ ಅಡಿ, ಇನ್ನೂರಡಿಗೆ ಒಂದಡಿ ಇಳಿಜಾರು, ಮಟ್ಟ ನೋಡಿದ್ದು ನೀರು ತುಂಬಿದ ಟ್ಯೂಬಿನಲ್ಲೇ. ಗಂಟೆಗೆ 1,200 ರೂಪಾಯಿಯಂತೆ ಇಪ್ಪತ್ತು ಸಾವಿರದೊಳಗೆ ಮುಗಿಯಿತು. ರಸ್ತೆಯಡಿಯ ಮೋರಿಯೇ ದುಬಾರಿ. ಹಳೆಯ ಪೈಪನ್ನು ಕಾಲುವೆಯ ತಳಕ್ಕಿಂತ ಮುಕ್ಕಾಲು ಅಡಿ ಎತ್ತರಕ್ಕೆ ಕೂರಿಸಿದ್ದರು, ನೀರು ತಿರುಗಿ ಹೊಲಕ್ಕೆ ನುಗ್ಗುತ್ತಿತ್ತು. ಎರಡಡಿ ವ್ಯಾಸದ ಸಿಮೆಂಟಿನ ಹ್ಯೂಮ್ ಪೈಪ್ ಇಳಿಸಿ ಕೂರಿಸಲು ನಲವತ್ತು ಸಾವಿರ ಆಯಿತು. ಊರವರ ಚಂದಾ ಸಾಲಲಿಲ್ಲ, ಉಳಿದದ್ದು ನಾನು ಹಾಕಿದೆ.

ಕುಂಟೆಗೆ ಮೂವತ್ತಡಿ ಮೊದಲೇ ಕಾಲುವೆಯಲ್ಲಿ ಹೂಳುಗುಂಡಿ ಮಾಡಿ. ನಮ್ಮದು ಹತ್ತಡಿ ಉದ್ದ, ಎಂಟಡಿ ಅಗಲ, ಐದಡಿ ಆಳ, ಸುತ್ತ ಸೈಜುಗಲ್ಲು. ಮಳೆಗಾಲದಲ್ಲಿ ಎರಡು ಸಲ ಅದರ ಹೂಳು ಬಳಿದು ತೆಗೆದರೆ ಕುಂಟೆಗೆ ಹೂಳು ಸೇರುವುದು ಬಹಳ ಕಡಿಮೆಯಾಗುತ್ತದೆ. ಆ ಮಣ್ಣನ್ನು ರಾಗಿ ಹೊಲಕ್ಕೆಂದು ರೈತರೇ ತಮ್ಮ ಟ್ರಾಕ್ಟರಿನಲ್ಲಿ ಒಯ್ಯುತ್ತಾರೆ, ಸಾಗಿಸುವ ಖರ್ಚಿಲ್ಲ.

ಏರಿಗೆ ಅರ್ಧರ್ಧ ಅಡಿ ಮಣ್ಣು ಹಾಕಿ, ನೀರು ಚಿಮುಕಿಸಿ, ಒಂದೊಂದು ಪದರಕ್ಕೂ ಕುರಿಮಂದೆ ಓಡಾಡಿಸಿದೆ. ಗೊರಸಿನ ತುಳಿತಕ್ಕೆ ಮಣ್ಣು ಬಿಗಿಯಾಗಿ ಕೂತು, ರೋಲರ್ ಬಾಡಿಗೆ ಉಳಿಯಿತು. ಲಾವಂಚ ಇಳಿಜಾರಿನಲ್ಲಿ ಚೆನ್ನಾಗಿ ಹಿಡಿಯಿತು. ಹೊಂಗೆಯನ್ನು ಏರಿಯ ಮೇಲೆ ಮಾತ್ರ ನೆಡಬೇಡಿ. ಬೇರು ಸತ್ತ ಮೇಲೆ ಆ ತೂತಿನಲ್ಲೇ ನೀರು ಜಿನುಗುತ್ತದೆ. ಇನ್ನೂ ಸ್ವಲ್ಪ ನೀರು ನಿಲ್ಲಲಿ ಎಂದು ಕೋಡಿಗೆ ಮರಳುಮೂಟೆ ಒಡ್ಡುವವರು ಎಲ್ಲ ಊರಲ್ಲೂ ಇರುತ್ತಾರೆ. ಬಿಡಲೇಬೇಡಿ. ಏರಿ ಕೋಡಿಗಿಂತ ಮೂರಡಿ ಎತ್ತರ ಇರಲೇಬೇಕು, ಇಲ್ಲದಿದ್ದರೆ ಒಂದೇ ರಾತ್ರಿಗೆ ಒಡೆಯಬಹುದು.

ಬೋರಿನ ಕೇಸಿಂಗ್ ಪೈಪಿಗೆ ತೂತು ಕೊರೆದು, ಸುತ್ತ ಜಲ್ಲಿ ತುಂಬಿ ನೀರಿಳಿಸುವ ಪದ್ಧತಿಯನ್ನು ಬಹಳ ಜನ ಮಾಡುತ್ತಾರೆ. ನಮ್ಮ ಕೆಮ್ಮಣ್ಣಿನ ನೀರಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಬಿಚ್ಚಿ ತೊಳೆಯುವುದು ಸುಲಭವಲ್ಲ. ನಾನು ಕೋಡಿಯ ಕೆಳಗೆ ಇಂಗುಬಾವಿಗಳನ್ನು ತೋಡಿಸಿದೆ, ಕುಂಟೆಯಲ್ಲಿ ತಿಳಿಯಾದ ನೀರು ಮಾತ್ರ ಅವಕ್ಕೆ ಬೀಳಲಿ ಎಂದು. ಮೂರಡಿ ವ್ಯಾಸ, ಇಪ್ಪತ್ತೈದಡಿ ಆಳ, ತೂತಿನ ಸಿಮೆಂಟ್ ರಿಂಗು, ರಿಂಗಿನ ಹೊರಸುತ್ತಿಗೆ 40 ಮಿ.ಮೀ. ಜಲ್ಲಿ, ಒಳಗೆ ಏನೂ ತುಂಬಬಾರದು. ತಲಾ ನಲವತ್ತು ಸಾವಿರ ಬಿತ್ತು. ಕೆಮ್ಮಣ್ಣಿನಲ್ಲೇ ನಿಲ್ಲಿಸಿದರೆ ದಂಡ, ಬಂಡೆ ಪುಡಿಯಾಗಿ ಆದ ಸುದ್ದೆಮಣ್ಣು ಸಿಗುವವರೆಗೂ ಇಳಿಯಬೇಕು. ಐದು ಸಾವಿರ ಲೀಟರ್ ಟ್ಯಾಂಕರ್ ಸುರಿಸಿ ನೋಡಿ, ಬೆಳಗಾಗುವುದರೊಳಗೆ ಖಾಲಿಯಾದರೆ ಬಾವಿ ಗೆದ್ದಿತು. ಯಾವ ಜಾಗದಲ್ಲಿ ತೋಡಬೇಕೆಂದು ನಾನು ಗುರುತಿಸುವ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ, ಜೊತೆಗೆ ಬಂದು ನೆಲ ನೋಡಿದವರಿಗೆ ತೋರಿಸುತ್ತೇನೆ. ಆದರೆ ಮೇಲೆ ಎಲ್ಲಾದರೂ ಲೇಔಟಿನ ಚರಂಡಿ ಕಾಲುವೆಗೆ ಸೇರುತ್ತಿದ್ದರೆ, ಅದನ್ನು ಬೇರೆ ಕಡೆ ತಿರುಗಿಸುವವರೆಗೆ ಇಂಗುಬಾವಿಯ ಯೋಚನೆಯೇ ಬೇಡ. ಕೊಳಚೆ ಒಮ್ಮೆ ಅಂತರ್ಜಲಕ್ಕೆ ಇಳಿದರೆ ಇಡೀ ಊರಿನ ಬೋರು ಕೆಡುತ್ತದೆ.

ಕೆಳಗಿನ ಬೋರುಗಳಲ್ಲಿ ಅರ್ಧ ತಾಸಿಗೇ ಗಾಳಿ ಎಳೆಯುತ್ತಿದ್ದ ಮೋಟಾರುಗಳು ಈಗ ಮೂರು ತಾಸು ನಿಲ್ಲದೆ ಓಡುತ್ತವೆ. ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಬೆಟ್ಟದಲ್ಲಿ ಒಂದರ ಮೇಲೊಂದು ಕಟ್ಟೆ ಕಟ್ಟುತ್ತ ಹೋದವರು, 2022ರಲ್ಲಿ ತೀರಿಕೊಂಡರು. ಅಂಥವರ ಕೆಲಸ ಉಳಿಯಬೇಕಾದರೆ ಅದನ್ನು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಬೇಕು. ನಮ್ಮಲ್ಲಿ ಮನೆಗೆ ತಿಂಗಳಿಗೆ ಐವತ್ತು ರೂಪಾಯಿ ಎತ್ತಿ ಅವನಿಗೆ ಸಂಬಳ ಕೊಡುತ್ತೇವೆ. ಗುಂಡಿ ಬಳಿಯುವುದು, ಮೋರಿಯ ಕಸ ತೆಗೆಯುವುದು, ಇಂಗುಬಾವಿಯ ಮುಚ್ಚಳ ನೋಡಿಕೊಳ್ಳುವುದು ಎಲ್ಲ ಅವನದೇ. ಈಗ ಪಕ್ಕದೂರಿನವರು ನಕ್ಷೆ ಹಿಡಿದು ಬಂದಿದ್ದಾರೆ, ಬೇಸಿಗೆಗೆ ಅಲ್ಲಿಯ ಕಾಲುವೆ ಹಿಡಿಯುತ್ತೇವೆ.